ಉದ್ದನೆಯ ಪ್ರತಿಯಿಂದ ನಾನು ಕತ್ತರಿಸಿದ್ದು

ನಮ್ಮೂರಿಗೆ ಹೊಸದಾಗಿ ಬಂದವರು ವಾರದೊಳಗೆ ಒಮ್ಮೆಯಾದರೂ ನನ್ನ ಗಡಿಯಾರದ ಅಂಗಡಿಗೆ ಜಗಳವಾಡಲು ಬರುತ್ತಾರೆ. ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಕುಕ್ಕಿ, "ಏನ್ರೀ ಆಚಾರ್ರೇ, ನಿನ್ನೆ ತಾನೇ ರಿಪೇರಿ ಮಾಡ್ಕೊಟ್ರಿ. ಇದು ನೋಡಿದ್ರೆ ಒಂಬತ್ತು ಗಂಟೆ ತೋರಿಸ್ತಿದೆ, ಹೊರಗೆ ನೋಡಿದ್ರೆ ಸೂರ್ಯ ಇನ್ನೂ ಗುಡ್ಡದ ಮೇಲೇ ಇದಾನೆ" ಎಂದು ಕೂಗಾಡುತ್ತಾರೆ. ನಾನು ಕಣ್ಣಿಗೆ ಸಿಕ್ಕಿಸಿಕೊಂಡ ಮಸೂರವನ್ನೂ ತೆಗೆಯದೆ, "ಗಡಿಯಾರ ಸರಿಯಾಗೇ ಇದೆ ಸ್ವಾಮಿ. ಟೆಂಟಲ್ಲಿ ಇವತ್ತು ಯಾವ ಪಿಕ್ಚರು ಅಂತ ಕೇಳ್ಕೊಂಡ್ ಬನ್ನಿ" ಎನ್ನುತ್ತೇನೆ. ಹೋಗಿ ಕೇಳಿಕೊಂಡು ಬರುತ್ತಾರೆ, ಪೆಚ್ಚುಮೋರೆ ಹಾಕಿಕೊಂಡು ಗಡಿಯಾರ ಕಟ್ಟಿಕೊಂಡು ಮನೆಗೆ ಹೋಗುತ್ತಾರೆ. ಎರಡನೆಯ ವಾರದಿಂದ ಅವರೂ ಪಿಕ್ಚರು ಯಾವುದೆಂದು ವಿಚಾರಿಸಿಕೊಂಡೇ ಸಂಜೆಗೆ ಹಪ್ಪಳ ಒಣಹಾಕಲು ಶುರುಮಾಡುತ್ತಾರೆ.

ಖಲಂದರ್ ಸಾಬರ ಟೂರಿಂಗ್ ಟಾಕೀಸು ನಮ್ಮೂರಿಗೆ ಬಂದು ಮೂವತ್ತು ವರ್ಷವಾಯಿತು. ಆಮೇಲೆ ಅದು ಎಲ್ಲಿಗೂ ಟೂರ್ ಹೋಗಿಲ್ಲ. ಟೆಂಟಿನ ಪಡುವಣ ಬದಿಯ ಬಟ್ಟೆಯನ್ನು ಯಾವಾಗಲೂ ಮೇಲಕ್ಕೆ ಸುತ್ತಿ ಕಟ್ಟಿರುತ್ತಾರೆ. ಅದಕ್ಕೆ ಎದುರಾಗಿ ಬೋಳುಗುಡ್ಡ. ಆರು ಗಂಟೆಗೆ ಆಟ ಶುರುವಾಗುವ ಹೊತ್ತಿಗೆ ಸೂರ್ಯ ಇಳಿದು ಬಂದು ಗುಡ್ಡದ ನೆತ್ತಿಯ ಮೇಲೆ ಕೂರುತ್ತಾನೆ, ಪರದೆಗೆ ತೊಂದರೆಯಾಗದಷ್ಟು ಬೆಳಕು ತಗ್ಗಿಸಿಕೊಳ್ಳುತ್ತಾನೆ, ಪಿಕ್ಚರು ಮುಗಿಯುವ ತನಕ ಏಳುವುದಿಲ್ಲ. ಎಲ್ಲ ಪಿಕ್ಚರಿಗೂ ಹೀಗೆ ಅಂತಲ್ಲ. ಅತ್ತೆ ಸೊಸೆ ಜಗಳದ ಸಾಂಸಾರಿಕ ಚಿತ್ರವಾದರೆ ಹತ್ತೇ ನಿಮಿಷಕ್ಕೆ ಎದ್ದುಹೋಗುತ್ತಾನೆ. ರಾಜಕುಮಾರ, ರಾಕ್ಷಸ, ಮಾತಾಡುವ ಮರ, ಮಂತ್ರದ ಕೋಟೆ ಇದ್ದರೆ ಮಾತ್ರ ಪಟ್ಟಾಗಿ ಕೂರುತ್ತಾನೆ. ಹೀಗಾಗಿ ರಂಜಾನ್ ತಿಂಗಳಲ್ಲಿ ಸಾಬರು ಸಾಂಸಾರಿಕ ಚಿತ್ರ ಬಿಟ್ಟು ಬೇರೆ ಹಾಕುವುದಿಲ್ಲ. ಸಂಕಷ್ಟಿಯ ದಿನ ಚಂದ್ರನನ್ನು ನೋಡಿ ಊಟ ಮಾಡುವವರೂ ಅವರಿಗೆ ದುಂಬಾಲು ಬಿದ್ದು ಅತ್ತೆ ಸೊಸೆಯನ್ನೇ ಹಾಕಿಸುತ್ತಾರೆ. ಉಳಿದ ದಿನ ಯಾರದೂ ತಕರಾರಿಲ್ಲ.

ಮದುವೆ ಮಾಡುವವರಿಗಂತೂ ಇದು ಹೇಳಿ ಮಾಡಿಸಿದ ಅನುಕೂಲ. ಗೋಧೂಳಿ ಲಗ್ನ ಅಂದರೆ ಬೇರೆ ಊರುಗಳಲ್ಲಿ ಅರ್ಧ ಗಂಟೆಯ ಧಾವಂತವಂತೆ. ನಮ್ಮಲ್ಲಿ ಟೆಂಟಿನ ಪಕ್ಕದಲ್ಲೇ ಚಪ್ಪರ ಹಾಕಿ, ಲಗ್ನಪತ್ರಿಕೆಯಲ್ಲಿ ಗೋಧೂಳಿ ಲಗ್ನವೆಂದು ಅಚ್ಚು ಹಾಕಿಸಿ, ಕೆಳಗೆ ಅಂದಿನ ಪಿಕ್ಚರಿನ ಹೆಸರು ಕೊಟ್ಟುಬಿಡುತ್ತಾರೆ. ಅದನ್ನು ನೋಡಿಕೊಂಡು ನೆಂಟರು ಯಾವ ಬಸ್ಸಿಗೆ ಹೊರಡಬೇಕೆಂದು ತೀರ್ಮಾನಿಸುತ್ತಾರೆ.

ಊರಿಗೆಲ್ಲ ಪ್ರೀತಿಯ ಪಿಕ್ಚರೆಂದರೆ 'ನೆರಳು ಕಳೆದುಕೊಂಡ ರಾಜಕುಮಾರ'. ಮಾಟಗಾತಿಯೊಬ್ಬಳು ರಾಜಕುಮಾರನ ನೆರಳನ್ನು ಕದ್ದು ಏಳನೆಯ ಕೋಟೆಯಲ್ಲಿ ಬಚ್ಚಿಡುತ್ತಾಳೆ, ಅವನು ಒಂದೊಂದೇ ಕೋಟೆ ದಾಟಿ ಹೋಗಿ ಅದನ್ನು ತರುತ್ತಾನೆ. ಎರಡೂಕಾಲು ಗಂಟೆ, ಅಚ್ಚುಕಟ್ಟು. ಅದನ್ನು ಎಂಟು ವರ್ಷ ನೋಡಿದ್ದೆವು. ಹೀಗಿರುವಾಗ ಒಂದು ದಿನ ಸಾಬರಿಗೆ ಕಾಗದ ಬಂತು. ಅದೇ ಪಿಕ್ಚರಿನ ಉದ್ದನೆಯ ಪ್ರತಿ ಬಂದಿದೆ, ಮೊದಲು ಕತ್ತರಿಸಿ ಎಸೆದಿದ್ದನ್ನೆಲ್ಲ ನಿರ್ದೇಶಕರು ಮತ್ತೆ ಸೇರಿಸಿದ್ದಾರೆ, ಮೂರು ಗಂಟೆ ಐವತ್ತು ನಿಮಿಷ, ಬೇಕಾದರೆ ಕೊಂಡುಕೊಳ್ಳಿ. ಟೆಂಟಿನಲ್ಲೇ ಸಭೆ ಸೇರಿತು. ನಾನು ಎದ್ದು ನಿಂತು ಹೇಳಿದೆ: "ದರ್ಜಿ ಅಂಗಿ ಹೊಲಿದುಕೊಟ್ಟ. ಚೆನ್ನಾಗಿತ್ತು, ಹಾಕ್ಕೊಂಡ್ವಿ. ಈಗ ಉಳಿದ ಚೂರು ಬಟ್ಟೇನೆಲ್ಲ ಅದೇ ಅಂಗಿಗೆ ಹೊಲಿದು ಕೊಡ್ತೀನಿ ಅಂತಾನೆ. ಯಾರಾದ್ರೂ ಹಾಕ್ಕೋತೀರಾ? ಬೇಕಾದ್ದಾಗಿದ್ರೆ ಅವನು ಮೊದಲು ಯಾಕೆ ಕತ್ತರಿಸ್ತಿದ್ದ?" ನಾಲ್ಕು ಜನ ತಲೆದೂಗಿದರು. ಆಗ ನನ್ನ ತಂಗಿ ಕಮಲಾಕ್ಷಿ ಎದ್ದಳು.

"ಕತ್ತರಿಸಿದ್ದೆಲ್ಲ ಬೇಡದ್ದು ಅಂತ ನಮ್ಮಣ್ಣಂಗೆ ಯಾರು ಹೇಳಿದ್ರೋ! ಒಂದು ಮಾತು ಕೇಳ್ತೀನಿ. ಐದನೇ ಕೋಟೆ ತನಕ ರಾಜಕುಮಾರ ಕುದುರೆ ಮೇಲೆ ಬರ್ತಾನೆ. ಆರನೇ ಕೋಟೆಗೆ ನಡ್ಕೊಂಡು ಹೋಗ್ತಾನೆ. ಮಧ್ಯೆ ಕುದುರೆ ಎಲ್ಲಿ ಹೋಯ್ತು? ಎಂಟು ವರ್ಷದಿಂದ ಯೋಚನೆ ಮಾಡ್ತಾನೇ ಇದೀನಿ."

ಕುದುರೆ ಎಲ್ಲಿ ಹೋಯಿತೆಂದು ಅಲ್ಲಿಯವರೆಗೆ ಯಾರೂ ಕೇಳಿಕೊಂಡಿರಲಿಲ್ಲ. ಕೇಳಿದ ಮೇಲೆ ಯಾರಿಗೂ ಊಟ ಸೇರುವಂತಿರಲಿಲ್ಲ. ಉದ್ದನೆಯ ಪ್ರತಿ ಬೇಡವೆಂದು ಕೈ ಎತ್ತಿದವನು ನಾನೊಬ್ಬನೇ.

ಬಂತು. ನೋಡಿದೆವು. ಕುದುರೆಯನ್ನು ಐದನೆಯ ಕೋಟೆಯ ಬಾಗಿಲು ಕಾಯುವ ರಾಕ್ಷಸ ಇಟ್ಟುಕೊಳ್ಳುತ್ತಾನೆ, ಬದಲಿಗೆ ದಾರಿ ಬಿಡುತ್ತಾನೆ. ಇಷ್ಟು ತಿಳಿಯಲು ಆ ರಾಕ್ಷಸ ಊಟ ಮುಗಿಸುವ ತನಕ ಕಾಯಬೇಕು, ಅವನಿಗೋ ಅಗಾಧ ಹಸಿವು. ಅದಕ್ಕೆ ಮೊದಲು ಏಳು ಜನ ಮಂತ್ರಿಗಳ ಸಭೆ, ಇಪ್ಪತ್ತೆರಡು ನಿಮಿಷ. ಏಳೂ ಜನ ಮಾತಾಡುತ್ತಾರೆ, ಏಳನೆಯವನು ಮೊದಲನೆಯವನು ಹೇಳಿದ್ದನ್ನೇ ಹೇಳುತ್ತಾನೆ. ಮೊದಲ ವಾರ ಎಲ್ಲರೂ ಪಟ್ಟು ಹಿಡಿದು ಕೂತರು. ಎರಡನೆಯ ವಾರ ಮಂತ್ರಿಗಳು ಬಂದ ತಕ್ಷಣ ಅರ್ಧ ಊರು ಬೀಡಿ, ಬೋಂಡಾ ಎಂದು ಹೊರಗೆ ಬಂತು. ಮೂರನೆಯ ವಾರ ಹೊರಗೆ ಹೋದವರು ಒಳಗೆ ಬರಲಿಲ್ಲ. ಆದರೂ ಯಾರೂ ಅದನ್ನು ಬೇಡವೆನ್ನಲಿಲ್ಲ. ಪಿಕ್ಚರು ನೋಡದಿದ್ದರೂ ಸಂಜೆ ಉದ್ದವಾಗುತ್ತಿತ್ತಲ್ಲ! ಒಳಗೆ ಕೊನೆಯ ತನಕ ಕೂರುತ್ತಿದ್ದವಳು ಕಮಲಾಕ್ಷಿ ಒಬ್ಬಳೇ. ಹೊರಗಡೆಯಿಂದ ಸೂರ್ಯ.

ಕಮಲಾಕ್ಷಿಗೆ ಆಗ ನಲವತ್ತೊಂದು. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅಪ್ಪ ಅಮ್ಮ ಹೋದ ಮೇಲೆ ಇಪ್ಪತ್ತೆರಡು ವರ್ಷ ನಾವಿಬ್ಬರೂ ಒಂದೇ ಮೇಜಿನ ಎರಡು ಕಡೆ ಕೂತು ಕೆಲಸ ಮಾಡಿದವರು. ಕೈಗಡಿಯಾರ ನನ್ನ ಪಾಲು, ಅಲಾರಾಂ ಗಡಿಯಾರ ಅವಳ ಪಾಲು. ಅವಳನ್ನು ನೋಡಲು ಬಂದ ಗಂಡುಗಳನ್ನೆಲ್ಲ ನಾನೇ ಸಾಗಹಾಕಿದ್ದೆ. ಒಬ್ಬ ನಡೆದರೆ ಮೆಟ್ಟು ಕಿರುಗುಟ್ಟುತ್ತಿತ್ತು. ಇನ್ನೊಬ್ಬ ಏಳೂ ಇಪ್ಪತ್ತಕ್ಕೆ ಏಳೂವರೆ ಅಂದ. ತಂಗಿಯ ಮೇಲಿನ ಕಾಳಜಿಯಿಂದ ಹೀಗೆ ಮಾಡುತ್ತಿದ್ದೇನೆ ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.

ನಾಲ್ಕನೆಯ ವಾರ ಹೊಳೆಯಾಚೆಯ ಊರಿನಿಂದ ಗಂಗಾಧರಾಚಾರಿ ಎಂಬುವನು ದೇವಸ್ಥಾನಕ್ಕೆ ಎರಕದ ಗಂಟೆ ಕೊಡಲು ಬಂದ. ನಲವತ್ತೈದರ ಆಸುಪಾಸು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಎಂಟೂವರೆಯ ಬಸ್ಸಿಗೆ ಹೊತ್ತಿದೆಯೆಂದು ಟೆಂಟಿಗೆ ಹೋಗಿ ಕೂತ. ಮಂತ್ರಿಗಳು ಬಂದರು, ಊರು ಎದ್ದುಹೋಯಿತು, ಅವನು ಏಳಲಿಲ್ಲ. ಬಸ್ಸು ತಪ್ಪಿತು. ಮುಂದಿನ ವಾರ ಗಂಟೆಗೆ ಕೊಕ್ಕೆ ಕೊಡುವುದು ಮರೆತಿತ್ತೆಂದು ಬಂದ. ಅದರ ಮುಂದಿನ ವಾರ ಕೈಯಲ್ಲಿ ಕೊಕ್ಕೆಯೂ ಇರಲಿಲ್ಲ, ಬಾಯಲ್ಲಿ ನೆಪವೂ ಇರಲಿಲ್ಲ.

ಒಂದು ಬೆಳಿಗ್ಗೆ ಕಮಲಾಕ್ಷಿ ಅಲಾರಾಂ ಒಂದಕ್ಕೆ ಕೀಲಿ ಕೊಡುತ್ತಾ, "ಅಣ್ಣಾ, ಗಂಗಾಧರಾಚಾರ್ರು ಕೇಳಿದ್ರು. ನಾನು ಹ್ಞೂಂ ಅಂದೆ" ಎಂದಳು.

"ಮಂತ್ರಿಗಳ ಸಭೇನ ಕಣ್ಣು ಮಿಟುಕಿಸ್ದೆ ನೋಡೋ ಮನುಷ್ಯನ ಜೊತೆ ಹೆಂಗಮ್ಮ ಬಾಳ್ತೀಯಾ?" ಎಂದೆ.

"ನಿನ್ನ ಜೊತೆ ಇಪ್ಪತ್ತೆರಡು ವರ್ಷ ಇರ್ಲಿಲ್ವಾ?"

ಗೋಧೂಳಿ ಲಗ್ನ ಗೊತ್ತಾಯಿತು. ಗಂಗಾಧರನ ಅಕ್ಕ ಚೌಡಮ್ಮ ಗಟ್ಟಿ ಹೆಂಗಸು. ತಮ್ಮನಿಗೆ ಈ ವಯಸ್ಸಿನಲ್ಲಿ ಮದುವೆ ಯಾಕೆಂದು ಕೊನೆಯ ತನಕ ಕೊಸರಾಡಿ, "ಆಯ್ತು, ಇಟ್ಟ ಲಗ್ನಕ್ಕೆ ತಾಳಿ ಬಿದ್ರೆ ಸರಿ. ಲಗ್ನ ತಪ್ಪಿತೋ, ದೇವರಿಗೇ ಇಷ್ಟ ಇಲ್ಲ ಅಂತ ಅರ್ಥ. ಆಮೇಲೆ ನನ್ನ ಮುಂದೆ ಈ ಮಾತೆತ್ತಬಾರ್ದು" ಎಂದು ಷರತ್ತು ಹಾಕಿದಳು. ಗಂಗಾಧರ ಒಪ್ಪಿಕೊಂಡ. ಅವಳೇ ಅವನನ್ನು ಸಾಕಿ ಬೆಳೆಸಿದವಳು, ಅವಳ ಮಾತು ಮೀರುವವನಲ್ಲ. ಲಗ್ನಪತ್ರಿಕೆಯ ಕೆಳಗೆ ಕಮಲಾಕ್ಷಿ ತಾನೇ ನಿಂತು ಅಚ್ಚು ಹಾಕಿಸಿದಳು: 'ನೆರಳು ಕಳೆದುಕೊಂಡ ರಾಜಕುಮಾರ, ಉದ್ದನೆಯ ಪ್ರತಿ'.

ಇನ್ನು ನನ್ನ ಕೆಟ್ಟ ಕೆಲಸ. ಮದುವೆಗೆ ಹತ್ತು ದಿನವಿರುವಾಗ ಸಾಬರು ಪ್ರೊಜೆಕ್ಟರಿನ ಹಲ್ಲುಚಕ್ರ ಸವೆದಿದೆಯೆಂದು ಯಂತ್ರವನ್ನು ನನ್ನ ಅಂಗಡಿಗೆ ತಂದಿಟ್ಟರು. ಓಡಿಸಿ ನೋಡಲು ಬೇಕಾದೀತೆಂದು ರೀಲಿನ ಡಬ್ಬಿಗಳನ್ನೂ ಬಿಟ್ಟುಹೋದರು. ಚಕ್ರ ಒಂದೇ ದಿನದಲ್ಲಿ ಸರಿಹೋಯಿತು. ಉಳಿದ ದಿನಗಳಲ್ಲಿ, ಕಮಲಾಕ್ಷಿ ಸೀರೆ, ಬಳೆ ಎಂದು ಓಡಾಡುತ್ತಿದ್ದಾಗ, ನಾನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಉದ್ದನೆಯ ಪ್ರತಿಯಲ್ಲಿ ಹೊಸದಾಗಿ ಸೇರಿದ ಒಂದೂವರೆ ಗಂಟೆಯ ಚಿಲ್ಲರೆಯನ್ನೆಲ್ಲ ಹುಡುಕಿ ಕತ್ತರಿಸಿದೆ. ತುದಿಗಳನ್ನು ಎಷ್ಟು ನಾಜೂಕಾಗಿ ಅಂಟಿಸಿದೆನೆಂದರೆ ಯಾರ ಬೆರಳಿಗೂ ತಗಲುವಂತಿರಲಿಲ್ಲ. ಕತ್ತರಿಸಿದ್ದನ್ನು ವಾಷಿಂಗ್ ಸೋಡಾ ನೀರಿನಲ್ಲಿ ನೆನೆಹಾಕಿದೆ. ಮಂತ್ರಿಗಳು, ರಾಕ್ಷಸ, ಕುದುರೆ ಎಲ್ಲ ಕರಗಿ ಬೂದು ನೀರಾಗಿ ಚರಂಡಿಗೆ ಹೋದರು. ಉಳಿದ ಬರಿಯ ಪಾರದರ್ಶಕ ಪಟ್ಟಿಯಿಂದ ಪುಟ್ಟ ಪುಟ್ಟ ಬಿಲ್ಲೆ ಕತ್ತರಿಸಿ, ಧೂಳು ಹೋಗದಂತೆ ಊರಿನ ಹೆಂಗಸರ ಗಡಿಯಾರಗಳ ಒಳಗೆ ಕೂರಿಸಿದೆ. ಇಂದಿಗೂ ಅವು ಚೆನ್ನಾಗಿ ನಡೆಯುತ್ತಿವೆ.

ಯಾಕೆ ಕತ್ತರಿಸಿದೆ ಎಂದರೆ, ಮದುವೆಯ ಊಟ ಹೊತ್ತಿಗೆ ಸರಿಯಾಗಿ ಆಗಲಿ ಅಂತ ಎಂದು ಆಗ ಹೇಳಿಕೊಂಡೆ. ಈಗ ಸುಳ್ಳು ಹೇಳಿ ಏನು ಪ್ರಯೋಜನ? ಹೊಟ್ಟೆಕಿಚ್ಚು. ಆ ಒಂದೂವರೆ ಗಂಟೆ ಇರದಿದ್ದರೆ ಆ ಮನುಷ್ಯ ಎಂಟೂವರೆಯ ಬಸ್ಸು ಹತ್ತಿ ಹೋಗುತ್ತಿದ್ದ. ಮೇಜಿನ ಆಚೆ ಬದಿ ಖಾಲಿಯಾಗುತ್ತಿರಲಿಲ್ಲ.

ಮದುವೆಯ ದಿನ ಬಂತು. ಚಪ್ಪರದಲ್ಲಿ ಕಮಲಾಕ್ಷಿ ಹಸಿರು ಸೀರೆ ಉಟ್ಟು, ಬಾಸಿಂಗ ಕಟ್ಟಿಕೊಂಡು ಕೂತಿದ್ದಳು. ಆರಕ್ಕೆ ಸಾಬರು ಪಿಕ್ಚರು ಶುರುಮಾಡಿದರು, ಸೂರ್ಯ ಬಂದು ಕೂತ. ಏಳು ಗಂಟೆ ದಾಟಿದ ಮೇಲೆ ಹೂವಿನ ದಾರ ತರಲು ನಾನು ನನ್ನ ಅಂಗಡಿಗೆ ಹೋದಾಗ ಫೋನು ಬಡಿದುಕೊಂಡಿತು. ಗಂಗಾಧರ. ಹಿಂದೆ ತಟ್ಟೆ ಲೋಟದ ಸದ್ದು.

"ಭಾವನೋರೇ, ಹೊಳೆ ದಾಟಿದ್ವಿ. ಇಲ್ಲಿ ಹೋಟ್ಲಲ್ಲಿ ಅಕ್ಕಂಗೆ ಒಂದಿಷ್ಟು ಇಡ್ಲಿ ತಿನ್ನಿಸ್ಕೊಂಡು ನಿಧಾನಕ್ಕೆ ಬರ್ತೀವಿ. ಹೆಂಗಿದ್ರೂ ಉದ್ದನೆಯ ಪ್ರತಿ ಅಲ್ವಾ? ಒಂಬತ್ತು, ಒಂಬತ್ತೂಕಾಲಕ್ಕೆಲ್ಲ ಅಲ್ಲಿರ್ತೀವಿ."

ಬಾಯಿ ತೆರೆದೆ. ಬೇಗ ಬನ್ನಿ ಅನ್ನಬೇಕಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಅವನು ಫೋನಿಟ್ಟ, ಯಾವ ಹೋಟೆಲೆಂದೂ ಹೇಳದೆ.

ಪಿಕ್ಚರು ಈಗ ಎಂಟೂಕಾಲಕ್ಕೆ ಮುಗಿಯುವುದಿತ್ತು. ಚಪ್ಪರಕ್ಕೆ ವಾಪಸಾಗಿ ಪುರೋಹಿತ ಶಂಭಾಚಾರ್ಯರನ್ನು ಬದಿಗೆ ಕರೆದು, ಲಗ್ನವನ್ನು ದೀಪ ಹಚ್ಚಿದ ಮೇಲೂ ಸ್ವಲ್ಪ ಎಳೆಯಬಹುದೇ ಎಂದು ಕೇಳಿದೆ. "ಸೂರ್ಯ ಮುಳುಗಿದ ಮೇಲೆ ಗೋಧೂಳಿ ಎಲ್ಲಿಂದ ತರ್ಲಿ? ಈ ಜಾತಕಗಳಿಗೆ ಮುಂದಿನ ಲಗ್ನ ಫಾಲ್ಗುಣಕ್ಕೇ. ಆದ್ರೆ ನಿಮಗೇನು ಯೋಚನೆ? ಇನ್ನೂ ಮಂತ್ರಿಗಳೇ ಬಂದಿಲ್ಲ" ಎಂದು ನಕ್ಕು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಮಂತ್ರಿಗಳು ಬರುವವರಾದರೂ ಎಲ್ಲಿಂದ? ಅವರೆಲ್ಲ ಚರಂಡಿ ಸೇರಿ ವಾರವಾಗಿತ್ತು. ಫಾಲ್ಗುಣದ ತನಕ ಚೌಡಮ್ಮ ಕಾಯುವುದಿಲ್ಲ. ನನ್ನ ತಂಗಿಯ ಮದುವೆ ಮುರಿಯುತ್ತದೆ, ಮುರಿದವನು ನಾನು. ಎಂಟು ಗಂಟೆಗೆ ಟೆಂಟಿನೊಳಗೆ ಇಣುಕಿದರೆ ರಾಜಕುಮಾರ ಆಗಲೇ ನಡೆದುಕೊಂಡು ಆರನೆಯ ಕೋಟೆ ದಾಟುತ್ತಿದ್ದ. ಇನ್ನು ಉಳಿದದ್ದು ಕೊನೆಯ ರೀಲು.

ಓಡಿಹೋಗಿ ಸಾಬರ ಕೈ ಹಿಡಿದುಕೊಂಡೆ. "ಸಾಬ್ರೇ, ಕೊನೇ ರೀಲು ಹಾಕ್ಬೇಡಿ."

"ಯಾಕ್ರೀ? ಅರೆ, ಇವತ್ತು ಇಷ್ಟು ಬೇಗ ಆರನೇ ಕೋಟೆ! ಯಂತ್ರ ಜೋರಾಗಿ ಓಡ್ತಾ ಇದೆಯಾ ಅಂತ ನಾನೇ ನೋಡ್ತಾ ಇದ್ದೆ."

ಹೇಳಿದೆ. ಸಾಬರು ನನ್ನನ್ನು ಬಯ್ಯಲಿಲ್ಲ. ಡಬ್ಬಿಯೊಂದನ್ನು ಕೈಯಲ್ಲಿ ತೂಗಿ ನೋಡಿದರು, ಕೆಳಗಿಟ್ಟರು. "ತೋರಿಸಿದ ರೀಲನ್ನೇ ಮತ್ತೆ ಹಾಕಿದ್ರೆ ಅವನು ಕೂರಲ್ಲ, ಬೇರೆ ಮಂತ್ರದ ಪಿಕ್ಚರು ಇವತ್ತು ಟೆಂಟಲ್ಲಿಲ್ಲ. ನನ್ನ ಹತ್ರ ಯಾಕೆ ಹೇಳ್ತೀರಿ? ಹೋಗಿ ತಂಗಿ ಹತ್ರ ಹೇಳಿ" ಎಂದರು.

ಚಪ್ಪರಕ್ಕೆ ಹೋಗಿ ಕಮಲಾಕ್ಷಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದೆ, ಸೋಡಾ ನೀರು, ಬಿಲ್ಲೆ, ಹೋಟೆಲಿನ ಫೋನು. ಅಳುತ್ತಾಳೆ, ಇಲ್ಲವೇ ಎಲ್ಲರೆದುರು ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡೆ. ಅವಳು ಬಾಸಿಂಗವನ್ನು ಸ್ವಲ್ಪ ಮೇಲಕ್ಕೆ ಸರಿಸಿ ನನ್ನನ್ನೇ ನೋಡಿದಳು.

"ಕತ್ತರಿಸೋಕೆ ಮುಂಚೆ ನೋಡಿದ್ಯಾ?"

"ರೀಲಿನ ಒಂದೊಂದು ಚೌಕಾನೂ ಮಸೂರ ಹಾಕ್ಕೊಂಡು ನೋಡ್ದೆ ಕಣಮ್ಮ."

"ಹಂಗಾದ್ರೆ ನಮ್ಮೂರಲ್ಲಿ ಅದನ್ನ ಒಂದು ಚೌಕಾನೂ ಬಿಡದೆ ನೋಡಿರೋನು ನೀನೊಬ್ನೇ. ಹೋಗು. ಪರದೆ ಮುಂದೆ ನಿಂತ್ಕೊಂಡು ಹೇಳು."

"ನಾನಾ? ಸೂರ್ಯಂಗಾ?"

"ಅವನಿಗಲ್ದೆ ಇನ್ಯಾರಿಗೆ? ಹೋಗು ಅಂದ್ನಲ್ಲ!"

ಆರನೆಯ ಕೋಟೆ ಮುಗಿದು ಪರದೆ ಬೆಳ್ಳಗಾದ ಹೊತ್ತಿಗೆ ನಾನು ಅದರ ಮುಂದೆ ನಿಂತಿದ್ದೆ. ಚಪ್ಪರದ ಜನವೆಲ್ಲ ಏನೋ ತಮಾಷೆಯೆಂದು ಒಳಗೆ ನುಗ್ಗಿದರು. ಸೂರ್ಯ ಒಂದು ಬೆರಳಗಲ ಜಾರಿದ. ನಾನು ಗಡಿಬಿಡಿಯಲ್ಲಿ, ಕತ್ತರಿಸಿದ ಕ್ರಮದಲ್ಲೇ ಹೇಳೋಣವೆಂದು, ಮಂತ್ರಿಗಳಿಂದ ಶುರುಮಾಡಿದೆ. "ಮೊದಲನೆಯ ಮಂತ್ರಿ ಎದ್ದು ನಿಂತು, ಮಹಾಪ್ರಭು, ಬೊಕ್ಕಸದ ಸ್ಥಿತಿಯನ್ನು ಗಮನಿಸಿದರೆ..." ಸೂರ್ಯ ಇನ್ನೊಂದು ಬೆರಳು ಜಾರಿದ. ಶಂಭಾಚಾರ್ಯರು ಕಿರುಚಿಕೊಂಡರು. ಹಿಂದಿನಿಂದ ಸಾಬರು ಕೂಗಿದರು: "ಮಂತ್ರಿಗಳನ್ನ ಬಿಟ್ಹಾಕಿ ಆಚಾರ್ರೇ! ರಾಕ್ಷಸಂಗೆ ಬನ್ನಿ!"

ರಾಕ್ಷಸನಿಗೆ ಬಂದೆ. ಅವನ ಮುಂದಿನ ನಲವತ್ತು ಹಂಡೆ ಅಡುಗೆ, ದೋಣಿಯಷ್ಟು ಉದ್ದದ ಸೌಟು, ಮೀಸೆಗೆ ಮೆತ್ತಿದ ತೊವ್ವೆ. ಆಗ ಒಂದು ವಿಷಯ ನೆನಪಾಯಿತು. ಆ ಊಟದ ದೃಶ್ಯದಲ್ಲಿ, ರಾಕ್ಷಸನ ಹಿಂದೆ ಅಡುಗೆಮನೆಯ ಬಾಗಿಲಲ್ಲಿ, ಹನ್ನೊಂದು ಚೌಕಗಳಲ್ಲಿ ಮಾತ್ರ, ಒಂದು ಸೀರೆಯ ಅಂಚು ಕಾಣುತ್ತಿತ್ತು. ಪರದೆಯ ಮೇಲೆ ಅದು ಅರೆ ಕ್ಷಣ. ಯಾರ ಕಣ್ಣಿಗೂ ಬಿದ್ದಿರಲಾರದು. ಮಸೂರದ ಕೆಳಗೆ ನಾನು ಅದನ್ನು ಬಹಳ ಹೊತ್ತು ನೋಡಿದ್ದೆ, ನೋಡಿಯೂ ಕತ್ತರಿಸಿದ್ದೆ.

"ಬಾಗಿಲ ಹಿಂದೆ ಒಬ್ಬಳು ನಿಂತಿದ್ಲು" ಎಂದೆ. "ನೀವ್ಯಾರೂ ನೋಡಿಲ್ಲ. ಅವಳು ರಾಕ್ಷಸನ ತಂಗಿ."

ಸೂರ್ಯ ಜಾರುವುದನ್ನು ನಿಲ್ಲಿಸಿದ.

"ಪಿಕ್ಚರಲ್ಲಿ ತಂಗಿ ಇಲ್ವೇ ಇಲ್ಲ!" ಎಂದು ಚಪ್ಪರದಿಂದ ಕಮಲಾಕ್ಷಿಯ ದನಿ ಬಂತು.

"ನೀನು ಸರಿಯಾಗಿ ನೋಡಿಲ್ಲ, ಸುಮ್ನಿರು" ಎಂದು ಗದರಿ ಮುಂದುವರಿದೆ. ಕೋಟೆಯ ಬಾಗಿಲಿಗೆ ಏಳು ಬೀಗಗಳಿದ್ದವು. ಕಳ್ಳರ ಭಯಕ್ಕೆ ಹಾಕಿದ್ದೆಂದು ರಾಕ್ಷಸ ಎಲ್ಲರಿಗೂ ಹೇಳುತ್ತಿದ್ದ. ತಂಗಿಯನ್ನು ಕೇಳಿಕೊಂಡು ಬಂದ ಗಂಡುಗಳಿಗೆ ಅವನು ಪರೀಕ್ಷೆ ಇಡುತ್ತಿದ್ದ. ಹಂಡೆಯಲ್ಲಿ ಅಕ್ಕಿಕಾಳು ಎಷ್ಟು? ಒಬ್ಬ ಗಂಧರ್ವ ಸರಿಯಾದ ಲೆಕ್ಕ ಹೇಳಿದ. ರಾಕ್ಷಸ ಒಂದು ಕಾಳು ಗುಟ್ಟಾಗಿ ನುಂಗಿ, ತಪ್ಪು ಎಂದ. ಇಲ್ಲಿ ಜನ ಗೊಳ್ಳೆಂದು ನಕ್ಕರು, ನನಗೆ ಧೈರ್ಯ ಬಂತು. ನಕ್ಕವರಲ್ಲಿ ಅರ್ಧದಷ್ಟು ಜನಕ್ಕೆ ಕಿರುಗುಟ್ಟುವ ಮೆಟ್ಟಿನ ವಿಷಯ ಗೊತ್ತಿತ್ತು. ನಲವತ್ತು ಹಂಡೆಯ ಅಡುಗೆಯನ್ನು ಒಂದೊಂದಾಗಿ ಬಣ್ಣಿಸಿದೆ. ಹದಿನೇಳನೆಯ ಹಂಡೆಯ ಹುಳಿಗೆ ಏನೇನು ಹಾಕಿದ್ದರೆಂದು ಯಾರೋ ಕೇಳಿದರು, ಅದನ್ನೂ ಹೇಳಿದೆ. ಒಬ್ಬನೂ ಬೋಂಡಾಕ್ಕೆ ಏಳಲಿಲ್ಲ. ಸೂರ್ಯ ಒಂದು ಬೆರಳಷ್ಟು ಮೇಲಕ್ಕೆ ಬಂದನೆಂದು ಜನ ಈಗಲೂ ಹೇಳುತ್ತಾರೆ. ನಾನು ನೋಡಲಿಲ್ಲ, ನನಗೆ ಪುರುಸೊತ್ತಿರಲಿಲ್ಲ.

ಒಂಬತ್ತೂ ಇಪ್ಪತ್ತಕ್ಕೆ ಗಂಡಿನವರ ಬಸ್ಸು ಬಂತು. ಓಲಗ ಶುರುವಾಯಿತು. ಆಗ ಎಲ್ಲರಿಗೂ ಹೊಳೆಯಿತು: ಧಾರೆ ಎರೆಯಬೇಕಾದವನು ನಾನು, ನಾನು ಬಾಯಿ ಮುಚ್ಚಿದರೆ ಸೂರ್ಯ ಹೋಗುತ್ತಾನೆ. ಶಂಭಾಚಾರ್ಯರು ತಲೆ ಚಚ್ಚಿಕೊಂಡು, ಮದುವೆಯನ್ನೇ ಟೆಂಟಿನೊಳಗೆ ತಂದರು. ಬಿಳಿಯ ಪರದೆಯ ಮುಂದೆ ಹಸೆ ಬಿತ್ತು. ಬಾಯಲ್ಲಿ ರಾಕ್ಷಸ, ಕೈಯಲ್ಲಿ ಧಾರೆಯ ನೀರು. ನಾನು ಉಸಿರೆಳೆದುಕೊಳ್ಳುವ ಸಂದಿಗೊಂದು ಮಂತ್ರ ಹೇಳುತ್ತಾ ಪುರೋಹಿತರು ನೂಕಿಕೊಂಡು ಹೋದರು. ಚೌಡಮ್ಮ, "ಇದೆಂಥ ಸಂಪ್ರದಾಯಾನಪ್ಪ! ನಮ್ಮ ಕಡೆ ಹಿಂಗಿಲ್ಲ" ಎಂದಳು. ಆದರೆ ರಾಕ್ಷಸ ರಾಜಕುಮಾರನನ್ನು ಬಾಗಿಲಲ್ಲಿ ತಡೆದಾಗ ಅವಳೂ ಮುಂದಕ್ಕೆ ಬಾಗಿ ಕೇಳುತ್ತಿದ್ದಳು. ರಾಜಕುಮಾರ ರಾಕ್ಷಸನಿಗೆ, "ನಿನಗೆ ಏನು ಬೇಕೋ ಕೇಳು, ಕೊಡುತ್ತೇನೆ, ದಾರಿ ಬಿಡು" ಎಂದ. ರಾಕ್ಷಸ ಬಾಯಿ ತೆರೆಯುವ ಮೊದಲೇ ಬಾಗಿಲ ಹಿಂದಿನವಳು, "ಕುದುರೆ ಬೇಕು" ಎಂದಳು. ಅಷ್ಟರಲ್ಲಿ ಗಂಗಾಧರ ತಾಳಿ ಕಟ್ಟಿದ. ಅಕ್ಷತೆ ಬಿತ್ತು. ಸೂರ್ಯ ಗುಡ್ಡದ ಮೇಲಿದ್ದ.

"ಆಯ್ತು ಆಚಾರ್ರೇ, ಗೆದ್ರಿ! ಸಾಕು, ಮುಗಿಸಿ!" ಎಂದು ಶಂಭಾಚಾರ್ಯರು ಬೆವರು ಒರೆಸಿಕೊಂಡರು. ಸಾಬರು ಕೊನೆಯ ರೀಲನ್ನು ಯಂತ್ರಕ್ಕೆ ಏರಿಸಿ ನನ್ನ ಕಡೆ ನೋಡಿದರು. ಗೋಧೂಳಿಯಲ್ಲಿ ಮದುವೆಯಾದ ಹೆಣ್ಣು ಕತ್ತಲಾಗಿ ದೀಪ ಹಚ್ಚಿದೊಡನೆ ಹೊರಡಬೇಕು. ಬಸ್ಸು ಹೊರಗೆ ನಿಂತಿತ್ತು, ಅವಳ ಟ್ರಂಕನ್ನು ಆಗಲೇ ಮೇಲೆ ಕಟ್ಟಿದ್ದರು.

"ಇನ್ನೊಂದು ಸ್ವಲ್ಪ ಇದೆ" ಎಂದೆ.

ರಾಕ್ಷಸನ ತಂಗಿ ಕುದುರೆಯ ಹತ್ತಿರ ಬಂದಳು. ಆದರೆ ಹತ್ತುವ ಮೊದಲು ಬಾಚಣಿಗೆ ಮರೆತದ್ದು ನೆನಪಾಗಿ ಒಳಗೆ ಹೋದಳು. ಬಾಚಣಿಗೆ ಸಿಕ್ಕಿತು. ಹೊರಗೆ ಬಂದರೆ ಕುದುರೆಗೆ ನೀರು ಕುಡಿಸಿರಲಿಲ್ಲ. ನೀರು ಕುಡಿಸಿದಳು. ಆಮೇಲೆ, ಅಣ್ಣನಿಗೆ ಯಾವ ಹಂಡೆಯಲ್ಲಿ ಏನಿದೆ ಎಂದು ತಿಳಿಯದೆಂದು ಒಂದೊಂದನ್ನೂ ತೋರಿಸುತ್ತಾ ಹೋದಳು, ನಲವತ್ತು ಹಂಡೆ. ನಾನು ನಲವತ್ತನ್ನೂ ಹೇಳಿದೆ. ಟೆಂಟಿನಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಹೇಳುತ್ತಿದ್ದಂತೆ ನನಗೆ ಅರ್ಥವಾಯಿತು, ನನಗೆ ನಿಲ್ಲಿಸಲು ಮನಸ್ಸಿಲ್ಲ. ಚೂರು ಬಟ್ಟೆ ಎಂದು ಹೀಗಳೆದವನು ಈಗ ಚೂರಿಗೆ ಚೂರು ಸೇರಿಸಿ ಹೊಲಿಯುತ್ತಲೇ ಇದ್ದೆ. ಈ ಸಂಜೆ ಹೀಗೇ ಇರಲಿ, ಆ ಬಸ್ಸು ಅಲ್ಲೇ ನಿಂತು ತುಕ್ಕು ಹಿಡಿಯಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

"ಇನ್ನೂ ಎಷ್ಟೊತ್ತಪ್ಪಾ?" ಎಂದು ಚೌಡಮ್ಮ ಆಕಳಿಸಿದಳು.

ಕಮಲಾಕ್ಷಿ ಹಸೆಯಿಂದ ಎದ್ದು ಬಂದು, ಹಾರ ಹಾಕಿಕೊಂಡೇ ಮುಂದಿನ ಸಾಲಿನ ನೆಲದ ಮೇಲೆ ಕೂತಳು. ಕಣ್ಣು ತುಂಬಿತ್ತು. "ಆಮೇಲೆ?" ಎಂದಳು.

ಅವಳಿಗೂ ಹೋಗಲು ಮನಸ್ಸಿಲ್ಲ. ಅವಳು ಕೇಳುವ ತನಕ ನಾನು ಹೇಳುತ್ತೇನೆ, ನಾನು ಹೇಳುವ ತನಕ ಅವಳು ಕೇಳುತ್ತಾಳೆ, ಹೀಗೆ ಬೆಳಗಿನ ತನಕವೂ ಹೋಗಬಹುದಿತ್ತು, ಬೆಳಗು ಎಂಬುದು ಆಮೇಲೆ ಇದ್ದರೆ. ನಾನು ಗಂಗಾಧರನ ಕಡೆ ನೋಡಿದೆ. ಬೇಸರದ ಒಂದು ಗೆರೆಯಾದರೂ ಕಂಡಿದ್ದರೆ ನನಗೆ ಎಷ್ಟು ಸಮಾಧಾನವಾಗುತ್ತಿತ್ತು! ಅವನು ಪೇಟ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಗಲ್ಲಕ್ಕೆ ಕೈಕೊಟ್ಟು, ಇಪ್ಪತ್ತೊಂಬತ್ತನೆಯ ಹಂಡೆಯನ್ನು ಕೇಳಿದಷ್ಟೇ ಆಸಕ್ತಿಯಿಂದ ನಲವತ್ತನೆಯದನ್ನು ಕೇಳುತ್ತಿದ್ದ. ಬಸ್ಸಿನ ಹಾರನ್ ಬಡಿಯಿತು. ಅವನು ತಿರುಗಿಯೂ ನೋಡಲಿಲ್ಲ. ಇಂಥವನು ಇವಳ ಪಕ್ಕದಿಂದ ಅರ್ಧಕ್ಕೆ ಎದ್ದುಹೋಗುವವನಲ್ಲ. ನನ್ನ ತಂಗಿ ಸರಿಯಾಗಿಯೇ ಆರಿಸಿಕೊಂಡಿದ್ದಳು, ನನ್ನ ಮಸೂರದ ಸಹಾಯವಿಲ್ಲದೆ.

"ಆಮೇಲೆ?" ಎಂದಳು ಮತ್ತೆ.

"ಆಮೇಲೆ ರಾಕ್ಷಸ ಏಳು ಬೀಗಾನೂ ತೆಗೆದ" ಎಂದೆ. "ತೆಗೆದು, ಬಾಗಿಲ ಹತ್ರ ನಿಂತ್ಕೊಂಡ."

"ಆಮೇಲೆ ಅಣ್ಣಾ?"

"ಆಮೇಲೆ ಅವಳು ಹೋದ್ಲು ಕಣಮ್ಮ" ಎಂದೆ, ಕೊನೆಯ ರೀಲು ಹಾಕುವಂತೆ ಸಾಬರಿಗೆ ಕೈ ತೋರಿಸಿ ಪರದೆಯ ಮುಂದಿನಿಂದ ಸರಿದು ನಿಂತೆ.